ಕಡಲನ್ನು ತಟ್ಟಿ ನೋಡಿದವರು

ಕಡೂರಿನ ಸಂತೆಯಲ್ಲಿ ಇವತ್ತು ತೆಂಗಿನಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು, ಬೆರಳಗೆಣ್ಣಿನಿಂದ ತಟ್ಟುತ್ತಾ ನಿಂತುಬಿಟ್ಟೆ. "ತಗಳ್ಳೋದೋ, ಮಾತಾಡ್ಸ್ತಾ ನಿಂತ್ಕಳ್ಳೋದೋ ಯಜಮಾನ್ರೇ?" ಎಂದಳು ಕಾಯಿ ಮಾರುವವಳು. ತಟ್ಟುವುದು ನನ್ನ ಹಳೆಯ ಕಸುಬು ಎಂದು ಅವಳಿಗೆ ಹೇಗೆ ಹೇಳಲಿ?

ನಗಬೇಡಿ. ಸಮುದ್ರವೇ ಇಲ್ಲದ ಊರಿನ ನಾನು ಸಮುದ್ರವನ್ನು ತಟ್ಟಿ ಸಂಬಳ ತಿಂದವನು. ಸರ್ವೆ ಹಡಗಿನ ಹಿಂದೆ ಏರ್‌ಗನ್ನುಗಳು ಗಾಳಿ ಸಿಡಿಸುತ್ತವೆ. ಆ ಸದ್ದು ಕಡಲ ತಳ ಹೊಕ್ಕು, ಮಣ್ಣಿನ ಪದರಗಳಿಗೆ ತಾಗಿ ಮರಳುತ್ತದೆ. ಮರಳಿದ್ದನ್ನು ಗೆರೆಗಳಾಗಿ ಓದಿ, ಗ್ಯಾಸು ನೀರಿನೊಡನೆ ಸೇರಿ ಮಂಜುಗಡ್ಡೆಯಂತೆ ಎಲ್ಲಿ ಹೆಪ್ಪುಗಟ್ಟಿದೆ ಎಂದು ಊಹಿಸುವುದು ನನ್ನ ಕೆಲಸವಾಗಿತ್ತು. "ಸಿಲಿಂಡರ್ ಯಾವಾಗ ಬತ್ತದೆ?" ಎಂದು ದೇವನೂರಿನ ನೆಂಟರು ಇಂದಿಗೂ ಕೇಳುತ್ತಾರೆ.

ಆ ಗನ್ನುಗಳನ್ನು ರಿಪೇರಿ ಮಾಡುತ್ತಿದ್ದವನು ತರೀಕೆರೆಯ ರಹಮತ್. ಹಡಗಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನನ್ನು ಅವನು ಕರೆಯುತ್ತಿದ್ದದ್ದೇ 'ಕಡೂರು' ಎಂದು. ನಮ್ಮ ಕ್ಯಾಬಿನ್ನುಗಳ ನಡುವೆ ಒಂದೇ ಗೋಡೆ. ಪಾಳಿ ಮುಗಿಸಿ ಬಂದವನು ಅದನ್ನು ಎರಡು ಸಲ ತಟ್ಟಬೇಕು: ಟೀ ಇದೆಯಾ? ಆಚೆಯಿಂದ ಒಂದು ಗುದ್ದು ಬಂದರೆ, ಇದೆ. ಆಮೇಲೆ ಕಡೂರು ದೊಡ್ಡದೋ ತರೀಕೆರೆ ದೊಡ್ಡದೋ ಎಂಬ ಜಗಳ. ತೀರ್ಪಿಗೆ ಪಕ್ಕದೂರು ಅಜ್ಜಂಪುರವನ್ನು ಕರೆಯುತ್ತಿದ್ದೆವು. ಆ ಗುದ್ದಿಗಾಗಿ ಈಗಲೂ ನನ್ನ ಜೀವ ಹಂಬಲಿಸುತ್ತದೆ.

ನಿವೃತ್ತಿಯ ಮೇಲೆ ಕೆಲವು ವರ್ಷ ಫೋನಿನಲ್ಲೇ ಜಗಳವಾಡಿದೆವು. ಒಮ್ಮೆಲೇ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಮರೆತ ಎಂದು ನಾನೂ ಮುನಿಸಿಕೊಂಡೆ. ಎಂಥ ಪಂಡಿತ ನೋಡಿ! ಗೆರೆಗಳು ಮಂಕಾಗಿ, ಸದ್ದೇ ಅಡಗಿದಂತೆ ಕಾಣುವ ಕಡೆಯೇ ಗ್ಯಾಸು ಹೆಪ್ಪುಗಟ್ಟಿರಬಹುದು, ಅಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು.

ಕಾಯಿ ಕೈಯಲ್ಲೇ ಇತ್ತು. ದುಡ್ಡು ಕೊಟ್ಟು, ಮನೆಗೆ ಹೋಗದೆ ತರೀಕೆರೆ ಬಸ್ಸು ಹತ್ತಿದೆ.

ರಹಮತನ ಮಗಳು ಬಾಗಿಲು ತೆಗೆದು ಗುರುತು ಹಿಡಿದಳು. "ಅಬ್ಬಾಗೆ ಕಿವಿ ಪೂರ್ತಿ ಹೋಯ್ತು ಅಂಕಲ್. ಫೋನಲ್ಲಿ ನಿಮ್ಮ ಹೆಸ್ರು ಬಂದ್ರೆ ಸುಮ್ನೆ ನೋಡ್ತಾ ಕೂತ್ಬಿಡ್ತಾರೆ."

ಕಿಟಕಿಯ ಕಡೆ ಮುಖಮಾಡಿ ಅವನು ಮರದ ಬೆಂಚಿನ ಮೇಲೆ ಕೂತಿದ್ದ. ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ. ನನಗೆ ಅಳು ಬಂತು. ಹತ್ತಿರ ಹೋಗಿ, ಕೈಯಲ್ಲಿದ್ದ ಕಾಯಿಯಿಂದ ಬೆಂಚನ್ನು ಎರಡು ಸಲ ತಟ್ಟಿದೆ.

ಅವನ ಬೆನ್ನು ನೆಟ್ಟಗಾಯಿತು. ತಿರುಗಿ ನೋಡದೆಯೇ ಬೆಂಚಿಗೆ ಒಂದು ಗುದ್ದು ಗುದ್ದಿದ.

"ಎಷ್ಟೊತ್ತಿಗೋ ಬರೋದು ಕಡೂರು? ಟೀ ಆರೋಯ್ತು."