ಬಕೆಟಿನಿಂದ ನೆಲಕ್ಕಿಳಿದ ಕರಿಬೇವು

ಗಲ್ಫಿನಲ್ಲಿ ನಮ್ಮವರು ನೆಲದಲ್ಲಿ ಗಿಡ ನೆಡುವುದು ಕಡಿಮೆ. ಹಾಲಿನ ಪುಡಿಯ ಡಬ್ಬ, ಪೇಂಟಿನ ಬಕೆಟ್, ಇವೇ ನಮ್ಮ ತೋಟ. ವೀಸಾ ಮುಗಿದರೆ ಬಕೆಟನ್ನು ಪಕ್ಕದ ಮನೆಯವಳಿಗೆ ಕೊಟ್ಟು ಹೊರಟರಾಯಿತು. ಬನಿಯಾಸಿನ ಬಾಡಿಗೆ ಮನೆಯಲ್ಲಿ ನನ್ನ ಕರಿಬೇವೂ ಹಾಗೇ ಇತ್ತು, ಅಡುಗೆಮನೆಯ ಹಿಂಬಾಗಿಲಲ್ಲಿ, ಬಕೆಟಿನಲ್ಲಿ. ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಒಂದು ಒಗ್ಗರಣೆಗೆ ಸಾಲುವಷ್ಟು ಎಲೆ ಬಿಟ್ಟು ಸುಮ್ಮನಾಗುವುದು.

ನನ್ನ ಮಗಳು ದುಬೈ ಸಿಲಿಕಾನ್ ಓಯಸಿಸಿನಲ್ಲಿ ರೂಮು ಮಾಡಿಕೊಂಡು ತೋಟ, ಪಾರ್ಕುಗಳ ವಿನ್ಯಾಸ ಓದುತ್ತಿದ್ದಳು. ಒಂದು ಶನಿವಾರ ಮನೆಗೆ ಬಂದವಳು ಅಮೆರಿಕದ ಮೊದಮೊದಲ ತೋಟಗಳ ನಕ್ಷೆಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಾ ಕೂತಳು. ನಾನು ಬಂಗುಡೆ ಮೀನು ಕೊಯ್ಯುತ್ತಿದ್ದೆ.

"ಅಮೆರಿಕದವರಿಗೆ ಎಂಥ ತೋಟದ ಚರಿತ್ರೆ? ಹುಲ್ಲು ಕತ್ತರಿಸುವುದಲ್ವಾ?" ಎಂದು ಕೆಣಕಿದೆ.

"ನೋ ಉಮ್ಮ, ಲಾನ್ ಎಲ್ಲ ಲೇಟರ್. ಫಸ್ಟ್, ಕಿಚನ್ ಡೋರ್."

ಅಡುಗೆಮನೆ ಬಾಗಿಲು! ನಾನು ಕತ್ತಿ ಕೆಳಗಿಟ್ಟು ಕಿವಿ ಕೊಟ್ಟೆ. ಹಡಗು ಹತ್ತಿ ಹೋದ ಇಂಗ್ಲೆಂಡಿನ ಹೆಂಗಸರು ಊರಿನ ಬೀಜ ಕಟ್ಟಿಕೊಂಡು ಹೋಗಿದ್ದರಂತೆ. ಅಡುಗೆಮನೆಯ ಎದುರಿಗೇ ಚೌಕ ಮಡಿಗಳು, ನಡುವೆ ನೆಟ್ಟಗಿನ ದಾರಿ, ದನ-ಹಂದಿ ನುಗ್ಗದ ಹಾಗೆ ಬೇಲಿ. ಒಂದೇ ಮಡಿಯಲ್ಲಿ ಕೋಸು, ಕೆಮ್ಮಿನ ಮದ್ದು, ಹೂವು. ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಗುಡ್ಡೆಯಲ್ಲಿ ಬೆಳೆಯುವುದನ್ನು ಆ ನೆಲದ ಮೂಲದವರಿಂದ ಕಲಿತರಂತೆ. ಆಮೇಲೆ ಶ್ರೀಮಂತರ ದೊಡ್ಡ ತೋಟಗಳು ಬಂದವು. ಹಲವು ಕಡೆ ಅಗೆದವರು ಗುಲಾಮರು, ಹೆಸರು ಯಜಮಾನರದ್ದು.

"ಆ ಗುಲಾಮರೂ ಕೆಲಸ ಮುಗಿಸಿ ಗುಡಿಸಲಿನ ಹಿಂದೆ ತಮಗಂತ ಸೊಪ್ಪು, ತರಕಾರಿ ಬೆಳೀತಿದ್ರು ಉಮ್ಮ" ಎಂದಳು.

ಸುಬ್‌ಹಾನಲ್ಲಾಹ್! ನಾಳೆ ಯಾವ ಊರಿಗೆ ಮಾರಿಬಿಡುತ್ತಾರೋ ಗೊತ್ತಿಲ್ಲದವರು ನೆಲದಲ್ಲಿ ಬೀಜ ಹಾಕಿದ್ದಾರೆ. ಟಿಕೆಟು, ಪಾಸ್‌ಪೋರ್ಟು ಎಲ್ಲ ಇರುವ ನಾನು ಒಂದು ಕರಿಬೇವನ್ನು ನೆಲಕ್ಕಿಳಿಸಲು ಹೆದರಿಕೊಂಡು ಕೂತಿದ್ದೇನೆ!

ಅವತ್ತೇ ಸಂಜೆ ಬಕೆಟ್ ಒಡೆದೆ. ಬೇರು ಒಳಗೆ ಶ್ಯಾವಿಗೆಯ ಹಾಗೆ ಸುತ್ತಿಕೊಂಡಿತ್ತು. ಬಿಡಿಸಿ, ಹಿಂಬಾಗಿಲ ಎದುರಿನ ಮರಳಿಗೆ ಗೊಬ್ಬರ ಸೇರಿಸಿ ನೆಟ್ಟು, ಮೀನು ತೊಳೆದ ನೀರು ಹೊಯ್ದೆ.

ಇವರು ಡ್ಯೂಟಿ ಮುಗಿಸಿ ಬಂದು ನೋಡಿದರು. "ಎಂತ ಮಾರಾಯ್ತಿ ಇದು? ಹೋಗುವಾಗ ನೆಲವನ್ನೂ ಕಾರ್ಗೋಗೆ ಹಾಕ್ತೀಯಾ?"

"ನಿಮ್ಮ ಸಾರಿಗೆ ಎಲೆ ಹಾಕುವುದಿಲ್ಲ, ಹೆದರಬೇಡಿ" ಎಂದೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗಿಡ ನನ್ನ ತಲೆ ಮೀರಿತು. ನಾನಂತೂ ದಿನಾ ಬೆಳಿಗ್ಗೆ ಬಾಗಿಲು ತೆರೆದು, ಈ ಸುಡು ಮರಳಿನಲ್ಲಿ ಇಷ್ಟು ಹಸಿರು ಎಲ್ಲಿತ್ತಪ್ಪಾ ಎಂದು ಬೆರಗಾಗಿ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಮನೆಯ ಓನರ್, ವಯಸ್ಸಾದ ಅರಬಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸುತ್ತೇನೆ, ಗಿಡ ತೆಗೆಯಿರಿ ಎಂದು ಹೇಳಿಕಳಿಸಿದರು. ನನ್ನ ಗಂಡನ ರಿಟೈರ್‌ಮೆಂಟಿಗೂ ಕೆಲವೇ ತಿಂಗಳು ಉಳಿದಿತ್ತು.

"ಹೇಗೂ ಹೋಗುವವರು ನಾವು. ಖಲಾಸ್, ಬಿಡು" ಎಂದರು ಇವರು.

ಬಿಡಲಿಕ್ಕೆ ಮನಸ್ಸೇ ಬರಲಿಲ್ಲ. ಕಲ್ಲಿನ ಲಾರಿ ಬಂದ ದಿನ ಗಿಡದ ಮುಂದೆ ಹೋಗಿ ನಿಂತೆ. ಓನರ್ ತಮ್ಮ ಅರೆಬರೆ ಹಿಂದಿಯಲ್ಲಿ ಕೇಳಿದರು: "ನೀನು ಊರಿಗೆ ಹೋಗುವವಳು. ಇದು ಯಾರಿಗೆ?"

ನಾನು ಹೇಳಿದೆ: "ನಾನು ಹೋಗ್ತೇನೆ ಬಾಬಾ. ಇದು ಇಲ್ಲೇ ಇರ್ಲಿ. ಒಗ್ಗರಣೆ ಹಾಕುವವರು ಯಾರಾದ್ರೂ ಬಂದೇ ಬರ್ತಾರೆ."

ಅವರು ಒಂದು ಎಲೆ ಕಿತ್ತು ಮೂಸಿದರು. ಮತ್ತೊಮ್ಮೆ ಮೂಸಿದರು. "ಮಾಫಿ ಮುಷ್ಕಿಲ್, ತೊಂದರೆ ಇಲ್ಲ" ಎಂದು ಕೆಲಸದವರಿಗೆ ಕೈಯಲ್ಲೇ ಒಂದು ದೊಡ್ಡ ಚೌಕ ಬರೆದು ತೋರಿಸಿದರು, ಅಷ್ಟು ಬಿಟ್ಟು ಹಾಸಿ ಎಂದು. ಸುತ್ತ ಕಲ್ಲು ಬಂತು. ಅಡುಗೆಮನೆ ಬಾಗಿಲಿಂದ ನೆಟ್ಟಗಿನ ದಾರಿ, ನಡುವೆ ಚೌಕ ಮಡಿ. ಮಗಳಿಗೆ ಫೋಟೋ ಕಳಿಸಿದರೆ, "ಉಮ್ಮ, ಸೇಮ್ ಟು ಸೇಮ್!" ಎಂದು ಫೋನಿನಲ್ಲೇ ಕಿರುಚಿದಳು.

ಕಳೆದ ತಿಂಗಳು ಕೀ ಕೊಟ್ಟು ಹೊರಟೆವು. ಹೊಸದಾಗಿ ಬಂದವಳು ಭಟ್ಕಳದ ಎಳೆಯ ಹುಡುಗಿ. ಪೆಟ್ಟಿಗೆಗಳನ್ನೆಲ್ಲ ಗಂಡನಿಗೆ ಬಿಟ್ಟು ಒಂದೇ ಒಂದು ಹಾಲಿನ ಪುಡಿಯ ಡಬ್ಬವನ್ನು ಎದೆಗೊತ್ತಿ ಹಿಡಿದಿದ್ದಳು. ಒಳಗೆ ಊರಿನ ಮಲ್ಲಿಗೆ.

"ಇದನ್ನು ಎಲ್ಲಿ ಇಡಲಿ ಅಕ್ಕಾ?" ಎಂದು ಕೇಳಿದಳು.

ಅವಳನ್ನು ಹಿಂಬಾಗಿಲಿಗೆ ಕರೆದುಕೊಂಡು ಹೋಗಿ, ಕರಿಬೇವಿನ ಪಕ್ಕ ಉಳಿದಿದ್ದ ಮಣ್ಣು ತೋರಿಸಿದೆ.

"ಇಡಬೇಡ ಮಗಳೇ, ನೆಡು."