ಸ್ಟೋರಿನಣ್ಣನ ಕೆಂಪು ಬಾಣಗಳು

ಕಂಪ್ಯೂಟರ್ ಕಲಿಸಲು ಬಂದಿದ್ದವನು ಕುರ್ಚಿಯ ತುದಿಯಲ್ಲಿ ಕೂತು, ಮೌಸನ್ನು ಟಕಟಕ ಒತ್ತಿ, "ಅರ್ಥ ಆಯ್ತಲ್ಲ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದುಹೋಗಿದ್ದ. ಹೋಗುವಾಗ ಮ್ಯಾನೇಜರ್ ಹತ್ತಿರ, "ಈ ವಯಸ್ಸಲ್ಲಿ ತಲೆಗೆ ಹತ್ತಲ್ಲ ಸಾರ್" ಎಂದನಂತೆ. ಆರು ವರ್ಷವಾಯಿತು. ಆ ಮಾತು ನೆನೆದರೆ ಸ್ಟೋರಿನಣ್ಣನಿಗೆ ಇವತ್ತಿಗೂ ಮೈ ಉರಿಯುತ್ತದೆ.

ಇಪ್ಪತ್ತೆರಡು ವರ್ಷ ಕಾರ್ಖಾನೆಯ ಸ್ಟೋರು ನೋಡಿಕೊಂಡವನು ಅವನು. ಕಣ್ಣು ಮುಚ್ಚಿ ಕೈಯಿಟ್ಟರೂ ಯಾವ ಡಬ್ಬಿಯಲ್ಲಿ ಯಾವ ಅಳತೆಯ ನಟ್ಟಿದೆಯೆಂದು ಹೇಳಬಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಕೋಪದಲ್ಲಿ ಮಾತ್ರ ಡಬಲ್ ಡಿಗ್ರಿ. ಬಂದ ಸರಕಿನ ಲೆಕ್ಕವನ್ನು ಶನಿವಾರದೊಳಗೆ ತಾನೇ ಕಂಪ್ಯೂಟರಿಗೆ ಏರಿಸಲು ಕಲಿಯದಿದ್ದರೆ ಗೇಟು ಕಾಯಲು ಹಾಕುತ್ತೇವೆಂದು ಮ್ಯಾನೇಜರ್ ಆಗ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಅವನು ಪರದೆಯ ಮುಂದೆ ಕೈಕಟ್ಟಿ ಕೂತಿದ್ದನ್ನು ಎದುರು ಕೋಣೆಯಲ್ಲಿ ಬಿಲ್ ಬರೆಯುವ ಹೆಣ್ಣುಮಗಳು ನೋಡಿದಳು. ಪರದೆಯಲ್ಲಿ ಕಂಡದ್ದನ್ನು ಕಂಡ ಹಾಗೇ ಚಿತ್ರ ಹಿಡಿಯುವ ಸ್ಕ್ರೀನ್‌ಶಾಟ್ ಸಾಫ್ಟ್‌ವೇರ್ ಅವಳಲ್ಲಿತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಚಿತ್ರ ತೆಗೆದು, ಒತ್ತಬೇಕಾದ ಕಡೆ ಕೆಂಪು ಬಾಣ ಬಿಡಿಸಿ, ಪ್ರಿಂಟ್ ಹಾಕಿ ಪಿನ್ನು ಹೊಡೆದು ಕೊಟ್ಟಳು.

ಸೋಮವಾರ ಅವನು ಬಾಣ ತೋರಿಸಿದಂತೆ ಚಾಚೂ ತಪ್ಪದೆ ಮಾಡಿದ. ಮಂಗಳವಾರ ನೋಡಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಬೇರಿಂಗ್ ಹನ್ನೆರಡು, ಬಣ್ಣದ ಡಬ್ಬಿ ಹನ್ನೆರಡು, ಪೊರಕೆಯೂ ಹನ್ನೆರಡು. ಮ್ಯಾನೇಜರ್ ಕೈಲಿ ಬೈಸಿಕೊಂಡವನು ನೇರ ಬಿಲ್ಲಿನ ಕೋಣೆಗೆ ನುಗ್ಗಿದ.

"ಚಿತ್ರದಲ್ಲಿ ಹನ್ನೆರಡು ಅಂತ ನೀನೇ ತಾನೇ ಹಾಕಿದ್ದು? ಬಾಣ ಬೇರೆ!"

"ಅದು ಉದಾಹರಣೆಗೆ ಅಣ್ಣಾ..."

"ಉದಾಹರಣೆ ಅಂತ ಎಲ್ಲಾದ್ರೂ ಬರ್ದಿದೀಯಾ? ನನ್ನ ಕೆಲಸ ಕಳೆಯೋಕೇ ನಿಂತಿದೀಯೇನು?"

ಅವಳು ಪುಟವನ್ನೇ ನೋಡಿದಳು. "ಬರ್ದಿಲ್ಲ. ತಪ್ಪು ನಂದೇ." ಮತ್ತೆ ಮೆಲ್ಲಗೆ, "ಪೊರಕೆ ನಿಜವಾಗ್ಲೂ ಎಷ್ಟು ಬಂದಿತ್ತಣ್ಣಾ?"

"ಮೂರು!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಗುರುವಾರ ಸಂಜೆ ಅವನ ಮೇಜಿನ ಮೇಲೆ ಹೊಸ ಕಟ್ಟು. ಈ ಸಲ ಎಣಿಕೆಯ ಜಾಗ ಖಾಲಿ. ಬಾಣದ ಪಕ್ಕ, 'ಅಣ್ಣಾ, ಇಲ್ಲಿ ನಿಮ್ಮ ಕೈಲಿರೋ ಚೀಟಿ ನೋಡಿ ಹಾಕಿ.' ಇನ್ನೊಂದು ಪುಟದಲ್ಲಿ, 'ತಪ್ಪಾದ್ರೆ ಹೆದರಬೇಡಿ, ಇದನ್ನ ಒತ್ತಿದ್ರೆ ಹಿಂದಕ್ಕೆ ಹೋಗುತ್ತೆ.' ಮನೆಯಲ್ಲಿ ಹೆಂಡತಿ ಒಂದೊಂದೇ ಪುಟ ಓದಿದಳು. ಅವನು ಸೋಪಿನ ಡಬ್ಬಿಯನ್ನು ಮೌಸಿನಂತೆ ಸರಿಸುತ್ತ ಅಭ್ಯಾಸ ಮಾಡಿದ.

"ಮೆಲ್ಲಗೆ ರೀ, ಅದಕ್ಕೂ ಯಾಕೆ ಕೋಪ ತೋರಿಸ್ತೀರಿ?"

ಶನಿವಾರ ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತರು. ಹನ್ನೊಂದು ಬಗೆಯ ಸರಕು, ಒಂದೂ ತಪ್ಪಲಿಲ್ಲ. "ಸರಿ, ಇಲ್ಲೇ ಇರಿ" ಎಂದರು.

ಎದುರು ಕೋಣೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ತಿಂಗಳಾಯಿತು. ಅವಳು ಬೇರೆ ಊರಿನ ಕೆಲಸಕ್ಕೆ ಹೊರಟ ದಿನ ಅವನು ಲಾರಿಯಿಂದ ಸರಕು ಇಳಿಸಿಕೊಳ್ಳುತ್ತಿದ್ದ.

ಹೋದ ವರ್ಷ ಬೀರು ಒರೆಸುವಾಗ ಆ ಎರಡನೇ ಕಟ್ಟು ಮತ್ತೆ ಕೈಗೆ ಸಿಕ್ಕಿತು. ಅಷ್ಟರಲ್ಲಿ ಅವನು ಪರದೆಯ ಮೂಲೆ ಮೂಲೆಯನ್ನೂ ಓದಬಲ್ಲವನಾಗಿದ್ದ. ಪ್ರತಿ ಚಿತ್ರದ ಕೆಳಗೆ ಬಲಕ್ಕೆ, ಚಿತ್ರ ಹಿಡಿದ ಗಳಿಗೆಯ ಸಮಯವೂ ತಾರೀಖೂ ಅಚ್ಚಾಗಿದ್ದವು. ಮಧ್ಯಾಹ್ನ ಒಂದು ಹತ್ತು. ಒಂದು ಇಪ್ಪತ್ತೈದು. ಒಂದು ನಲವತ್ತು. ಇಪ್ಪತ್ತಾರು ಪುಟದಲ್ಲಿ ಊಟದ ಬಿಡುವು ಬಿಟ್ಟು ಬೇರೆ ಹೊತ್ತಿನದು ಒಂದೂ ಇರಲಿಲ್ಲ. ತಾರೀಖು, ಅವನು ಕೂಗಾಡಿದ ಮರುದಿನದ್ದು, ಅದರ ಮರುದಿನದ್ದು.

ಬಿಲ್ಲಿನ ಕೋಣೆಗೆ ಹೋಗಿ ಅವಳ ಫೋನ್ ನಂಬರ್ ಕೇಳಿದ. ಯಾರ ಹತ್ತಿರವೂ ಇರಲಿಲ್ಲ.