ಮಂಗಳಮ್ಮ ಸಂಗಮ ನೋಡಿ ಬಂದ ದಿನ

ನಮ್ಮೂರಿನ ಹೆಂಗಸರು ನೋಡದ ಜಾಗವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ರಾವಂದೂರಿನಿಂದ ಮೂರು ಕಿಲೋಮೀಟರ್ ಒಳಗಿರುವ ಊರು ನಮ್ಮದು. ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ ಎಂದಾದ ಮೇಲೆ ಭಾಗ್ಯಮ್ಮನ ದಂಡು ತಿಂಗಳಿಗೊಂದು ದಿನ ಹೊರಡುತ್ತದೆ. ಬೆಳಿಗ್ಗೆ ಹೋಗಿ ಕತ್ತಲಾಗುವುದರೊಳಗೆ ವಾಪಸ್ಸು. ಒಮ್ಮೆ ಚುಂಚನಕಟ್ಟೆ, ಒಮ್ಮೆ ಬೈಲಕುಪ್ಪೆ, ಮತ್ತೊಮ್ಮೆ ಸೋಮನಾಥಪುರ. ಮಾರನೆಯ ದಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಅದೇ ಮಾತು. ಡೈರಿಯ ಕಾರ್ಯದರ್ಶಿಯಾದ ನಾನು ಹಾಲಿಗಿಂತ ಹೆಚ್ಚಾಗಿ ಸೋಮನಾಥಪುರದ ಕಂಬಗಳನ್ನೇ ಅಳೆದಿದ್ದೇನೆ.

ಆ ಸಾಲಿನಲ್ಲಿ ಸುಮ್ಮನೆ ನಿಂತು ಕೇಳುತ್ತಿದ್ದವಳು ಮಂಗಳಮ್ಮ ಒಬ್ಬಳೇ. ಅವಳ ಹಸು ರಾಣಿ, ಹೆಸರಿಗೆ ತಕ್ಕ ಹಾಗೆ, ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಗಂಡ ಕೆಂಪಯ್ಯ ಒಂದು ಸಲ ಹಾಲು ಕರೆಯಲು ಕೂತು ಚೊಂಬಿನ ಜೊತೆ ತಾನೂ ಉರುಳಿದ್ದ. ಅಂದಿನಿಂದ ಏಳು ವರ್ಷವಾಯಿತು, ಬೆಳಿಗ್ಗೆ ಐದಕ್ಕೆ, ಸಂಜೆ ಐದೂವರೆಗೆ ಮಂಗಳಮ್ಮ ಕೊಟ್ಟಿಗೆಯಲ್ಲಿ ಇರಲೇಬೇಕು. ನೆಂಟರ ಮದುವೆಗೆ ಧಾರೆಯ ಹೊತ್ತಿಗೆ ಹೋಗುತ್ತಾಳೆ, ಕೈ ತೊಳೆದದ್ದೇ ಓಡಿಬರುತ್ತಾಳೆ. ಎರಡು ವರ್ಷದ ಹಿಂದೆ ಕಟ್ಟೆಮಳಲವಾಡಿಯಲ್ಲಿ ಅವಳ ತಾಯಿ ತೀರಿಕೊಂಡಾಗಲೂ ಹಾಗೇ ಆಯಿತು. ಅಣ್ಣತಮ್ಮಂದಿರು ಬೂದಿ ಬಿಡಲು ಶ್ರೀರಂಗಪಟ್ಟಣದ ಸಂಗಮಕ್ಕೆ ಹೊರಟರೆ ಇವಳು ಹಾಲು ಕರೆಯಲು ಊರಿಗೆ ಬಂದಳು.

“ಅವ್ವನ್ನ ಎಲ್ಲಿ ಬುಟ್ಟು ಬಂದ್ರೋ, ಆ ಜಾಗ ನೋಡ್ಲಿಲ್ಲ ಕಣ ನಂಜಣ್ಣ” ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ನಾನು ಹಾಲಿನ ಲೆಕ್ಕದ ಚೀಟಿ ಹರಿದುಕೊಟ್ಟೆ.

ಹೋದ ತಿಂಗಳು ದಂಡು ಶ್ರೀರಂಗಪಟ್ಟಣಕ್ಕೆ ಹೊರಡುವುದೆಂದಾಯಿತು. ಭಾಗ್ಯಮ್ಮ ಡೈರಿಯ ಮುಂದೆಯೇ ಕೆಂಪಯ್ಯನನ್ನು ಹಿಡಿದುಕೊಂಡಳು.

“ಅಣ್ಣಾ, ಅಕ್ಕನ್ನ ಒಂದಿನ ಕಳ್ಸಿ. ನಾವು ಬರಾದು ತಡವಾದ್ರೆ ನೀವೇ ಅಕ್ಕನ ಸೀರೆ ಉಟ್ಕೊಂಡು ಕೂತ್ಕಳಿ. ಸೀರೆ ವಾಸ್ನೆಗೆ ರಾಣಿ ಸುಮ್ನಾಯ್ತಳೆ.”

“ಈ ಮೀಸೆ ಇಟ್ಕೊಂಡು ಸೀರೆ ಉಡ್ಲಾ? ಊರಲ್ಲಿ ತಲೆ ಎತ್ಕೊಂಡು ತಿರುಗ್ಬೇಕು ಕಣಮ್ಮ ನಾನು” ಎಂದ ಕೆಂಪಯ್ಯ. “ಹೋಗಾದಾದ್ರೆ ಹೋಗ್ಲಿ. ಐದೂವರೆಗೆ ಕೊಟ್ಟಿಗೇಲಿರ್ಬೇಕು ಅಷ್ಟೆ.”

ಅಷ್ಟು ಸಿಕ್ಕಿದ್ದೇ ಸಾಕೆಂದು ಮಂಗಳಮ್ಮ ಹೊರಟಳು. ಬೆಳಿಗ್ಗೆ ಹಾಲು ಕರೆದು, ಕರೆಯುವಾಗ ಉಡುವ ಹಳೆಯ ಸೀರೆಯನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ, ಗಂಡನ ಹತ್ತಿರ ಅದರ ಮಾತೆತ್ತದೆ ಬಸ್ಸು ಹತ್ತಿದಳು.

ಅಲ್ಲಿ ನಡೆದದ್ದನ್ನು ಭಾಗ್ಯಮ್ಮ ನನಗೆ ಹೇಳಿದಳು. ಕೋಟೆ, ದೇವಸ್ಥಾನ, ಗೋಡೆ ತುಂಬ ಚಿತ್ರ ಬರೆದ ಬೇಸಿಗೆ ಅರಮನೆ ಎಲ್ಲವನ್ನೂ ಮಂಗಳಮ್ಮ ಕಣ್ಣರಳಿಸಿಕೊಂಡು ನೋಡಿದಳಂತೆ. ಕಡೆಗೆ ಸಂಗಮ. ಅವಳು ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ತಾಯಿಗೆ ಎಲೆಯಡಿಕೆಯ ಹುಚ್ಚು. ಸೆರಗಿನಲ್ಲಿ ಕಟ್ಟಿ ತಂದಿದ್ದ ಎರಡು ಎಲೆ, ಒಂದು ಅಡಿಕೆಯನ್ನು ನೀರಿಗೆ ಬಿಟ್ಟಳು. “ರಾಣಿ ದೆಸೆಯಿಂದ ತಡವಾಯ್ತು ಕಣವ್ವ” ಎಂದಳು. ಆಮೇಲೆ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ಹೊತ್ತಾಯಿತು ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ. ಮೈಸೂರಿಗೆ ಬರುವಷ್ಟರಲ್ಲಿ ನಮ್ಮ ಕಡೆ ಬರುವ ಪಿರಿಯಾಪಟ್ಟಣದ ಬಸ್ಸು ಹೊರಟುಹೋಗಿತ್ತು. ಮಂಗಳಮ್ಮ ಗಂಡನಿಗೆ ನಾಲ್ಕು ಸಲ ಫೋನು ಮಾಡಿದಳು. ಎತ್ತಲಿಲ್ಲ. ಮುಂದಿನ ಬಸ್ಸಿನಲ್ಲಿ ಊರು ಮುಟ್ಟುವವರೆಗೂ, ಕೆಚ್ಚಲು ಬಿಗಿದು ರಾಣಿ ಒದ್ದಾಡುತ್ತಿರುತ್ತದೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳಂತೆ.

ಇತ್ತ ನಾನು ಏಳಕ್ಕೆ ಡೈರಿಯ ಬಾಗಿಲು ಹಾಕಬೇಕು. ಹತ್ತು ನಿಮಿಷ ಇತ್ತು. ಸಾಲಿನಲ್ಲಿ ಇನ್ನೂ ಆರೇಳು ಜನ. ಅಷ್ಟರಲ್ಲಿ ಯಾರೋ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು, ಕ್ಯಾನು ಹಿಡಿದು ದಾಪುಗಾಲು ಹಾಕುತ್ತ ಬರುವುದು ಕಂಡಿತು. ಹತ್ತಿರ ಬಂದರೆ ಸೆರಗಿನೊಳಗೆ ಮೀಸೆ. ಕೆಂಪಯ್ಯ. ಡೈರಿ ಮುಚ್ಚೀತೆಂಬ ಅವಸರದಲ್ಲಿ ಸೀರೆ ಬಿಚ್ಚುವುದನ್ನೇ ಮರೆತುಬಂದಿದ್ದ.

ಮೊದಲು ನಕ್ಕವನು ನಾನೇ. ಆಮೇಲೆ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡಿತು. ಕೆಂಪಯ್ಯ ಬಗ್ಗಿ ತನ್ನನ್ನು ತಾನೇ ನೋಡಿಕೊಂಡ. ಓಡಿಹೋಗುತ್ತಾನೆ ಎಂದುಕೊಂಡೆ. ಅವನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ.

“ನಗ್ರಲಾ, ನಗ್ರಿ. ರಾಣಿ ನಾಕು ಲೀಟ್ರು ಕೊಟ್ಟವ್ಳೆ. ಬಿರ್ನೆ ಹಾಲು ಅಳೆ ನಂಜಣ್ಣ.”

ಏಳೂವರೆಗೆ ಬಸ್ಸಿಳಿದ ಮಂಗಳಮ್ಮ ನೇರ ಕೊಟ್ಟಿಗೆಗೆ ಓಡಿದಳು. ಗಡಿಬಿಡಿಯಲ್ಲಿ ಕೆಂಪಯ್ಯ ಡೈರಿಯಲ್ಲೇ ಬಿಟ್ಟುಹೋದ ಕ್ಯಾನು ಕೊಡುವ ನೆಪದಲ್ಲಿ ನಾನೂ ಹೋಗಿದ್ದೆ. ರಾಣಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಮಂಗಳಮ್ಮ ಕೆಚ್ಚಲು ಮುಟ್ಟಿ ನೋಡಿದಳು. ಬರಿದಾಗಿತ್ತು. ಜಗಲಿಯ ಮೇಲೆ ಕೂತಿದ್ದ ಗಂಡನ ಕಡೆ ತಿರುಗಿದಳು.

“ಡೈರಿಗೆ ಹಾಕ್ದೆ” ಎಂದ ಅವನು. “ಸಂಗಮ ನೋಡ್ದಾ?”

“ನೋಡ್ದೆ” ಎಂದಳು. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಎದ್ದು, ಗೂಟದಲ್ಲಿ ಮುದ್ದೆಯಾಗಿ ನೇತಾಡುತ್ತಿದ್ದ ಸೀರೆಯನ್ನು ನೆನೆಹಾಕಲು ಕೈಗೆತ್ತಿಕೊಂಡಳು.

ಕೆಂಪಯ್ಯ ನನ್ನ ಮುಖ ನೋಡದೆ ಹೇಳಿದ: “ಅದ್ನ ಒಗೀಬ್ಯಾಡ ಬುಡು. ಮುಂದಿನ ತಿಂಗ್ಳು ಬೇಕಾಯ್ತದೆ.”